ಗಾದೆಮ್ಮನ ಮೊದಲನೆಯ ಉಂಡೆ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಾಳಿನ ಅಂಗಡಿಗಳ ಸಾಲು ಮುಗಿದು ಮನೆಗಳು ಶುರುವಾಗುವ ಓಣಿಯ ಮೂಲೆಯಲ್ಲಿ ಗಾದೆಮ್ಮನ ಕಟ್ಟೆ ಇತ್ತು. ಕಟ್ಟೆಯ ನಡುವೆ ಹೂತ ಕಲ್ಲಿನ ಒರಳು. ಅದರ ಮೇಲೆ ಚಪ್ಪರವಿರಲಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ತಲೆಯ ಮೇಲೆ ನೆರಳಿಲ್ಲದೆ ಒನಕೆ ಎತ್ತಿ ಹಾಕುವ ಹೆಂಗಸನ್ನು ಕಂಡು ಹೊಸಬರು ಕನಿಕರಪಡುತ್ತಿದ್ದರು. ಎದುರಿನ ಕಾಳಿನ ಅಂಗಡಿಯವನು ಒಮ್ಮೆ ತಾನಾಗಿಯೇ ನಾಲ್ಕು ಬಿದಿರ ಗಳು, ಎರಡು ತಡಿಕೆ ಕಳಿಸಿಕೊಟ್ಟಿದ್ದ. ಗಾದೆಮ್ಮ ಅವನ್ನು ಹಾಗೆಯೇ ವಾಪಸು ಕಳಿಸಿದಳು. ಇವನು ಯಾಕೆ ಕೊಟ್ಟ, ಇವನಿಗೇನು ಬಂತು ಎಂದು ವಾರವೆಲ್ಲ ಯೋಚಿಸಿದಳು. ನೆರಳು ಬಿದ್ದರೆ ಒರಳಿನ ಒಳಗು ದಾರಿಯವರ ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೆ ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಮಾಡುತ್ತಿದ್ದದ್ದು ಸಣ್ಣ ಮಕ್ಕಳಿಗೆ ಒಲೆ ಹಚ್ಚದ ತಿನಿಸು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಪುಟಾಣಿ ಕಡಲೆ ಹಿಟ್ಟಿನ ತಂಬಿಟ್ಟು, ತೆಳು ಅವಲಕ್ಕಿಗೆ ಕೊಬ್ಬರಿ ಬೆಲ್ಲ ಸೇರಿಸಿ ಕಟ್ಟಿದ ಉಂಡೆ, ಇಷ್ಟೇ. ಆದರೆ ಚಿಗಳಿಯೆಂದರೆ ಗಾದೆಮ್ಮನ ಚಿಗಳಿ ಎಂದು ಆ ಓಣಿಯ ಮಕ್ಕಳೆಲ್ಲ ಬಲ್ಲವು.

ಎಳ್ಳಿಗೆ ಒಂದಿಷ್ಟೇ ನೀರು ಚಿಮುಕಿಸಿ, ಗೋಣಿತಟ್ಟಿನ ಮೇಲೆ ಹಾಕಿ ಅಂಗೈಯಿಂದ ಉಜ್ಜಿ ಸಿಪ್ಪೆ ಬಿಡಿಸುವಳು. ಮೊರದಲ್ಲಿ ಕೇರಿ, ಕಟ್ಟೆಯ ಪಕ್ಕದ ಬಂಡೆಯ ಮೇಲೆ ಹರವುವಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಆ ಬಂಡೆ ಕೈ ಇಡಲಾಗದಂತೆ ಕಾಯುತ್ತಿತ್ತು. ಹುರಿಯುವ ಕೆಲಸವೆಲ್ಲ ಬಿಸಿಲಿನದೇ. ಒಂದು ಕಾಳನ್ನು ಉಗುರಿನಲ್ಲಿ ಒತ್ತಿದರೆ ಚಿಟ್ಟೆಂದು ಒಡೆಯಬೇಕು. ಒಡೆಯದೆ ಹಿಸುಕಿ ಹೋದರೆ ಇನ್ನೂ ಹಸಿ, ಮತ್ತೆ ಹರವಬೇಕು. ಬೆಲ್ಲವನ್ನು ಜಜ್ಜುವುದಿಲ್ಲ, ಹೆರೆಯುವುದು. ಜಜ್ಜಿದ ಬೆಲ್ಲದಲ್ಲಿ ಕಲ್ಲು ಉಳಿದುಕೊಳ್ಳುತ್ತದೆ. ಒನಕೆಯ ಏಟು ಮೊದಲು ಹಗುರ, ಎಳ್ಳು ಎಣ್ಣೆ ಬಿಟ್ಟುಕೊಂಡ ಮೇಲೆ ಭಾರ. ಎಣ್ಣೆಯ ಹೊಳಪು ಒರಳಿನ ಅಂಚಿಗೆ ಹತ್ತಿದ ಕೂಡಲೆ ನಿಲ್ಲಿಸಬೇಕು. ಆಸೆಗೆ ಬಿದ್ದು ಇನ್ನೆರಡು ಏಟು ಹಾಕಿದರೆ ಜಿಡ್ಡಾಗಿ ಮಕ್ಕಳ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡ ಮಕ್ಕಳಿಗೆ ಗಜ್ಜುಗದ ಗಾತ್ರದ ಉಂಡೆ. ದವಡೆ ಹಲ್ಲು ಬಾರದ ಕೂಸಿಗೆ ಉಂಡೆ ಕೊಡಬಾರದು, ಗಂಟಲಿಗೆ ಸಿಕ್ಕುತ್ತದೆ. ಅದನ್ನೇ ಹೆಬ್ಬೆರಳಿನಿಂದ ತಟ್ಟಿ ತೆಳು ಬಿಲ್ಲೆ ಮಾಡಿ ಕೊಡುವಳು.

ಇದೆಲ್ಲ ಕೆಲಸದ ರೀತಿಯಾಯಿತು. ಇದರ ಸುತ್ತ ಅವಳದೇ ಒಂದು ಕಟ್ಟಳೆ ಇತ್ತು. ಎಳ್ಳು ಬೆಲ್ಲವನ್ನು ತಾಯಂದಿರೇ ತರಬೇಕು. ಅವಳ ಮನೆಯ ಒಳಗಿನಿಂದ ಒಂದು ಏಲಕ್ಕಿ ಸಿಪ್ಪೆಯೂ ಹೊರಗೆ ಬರುತ್ತಿರಲಿಲ್ಲ. ಕುಟ್ಟುವ ಮುಂಚೆ ಬಳೆಗಳನ್ನು ಮೊಣಕೈಗೆ ಏರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೂ ಅಂಗೈ ಬಿಡಿಸಿ ತೋರಿಸುವಳು. ಕುಟ್ಟಿದ ಮೇಲೆ ಮೊದಲನೆಯ ಉಂಡೆ ಅವಳದು. ಎಲ್ಲರ ಎದುರಿಗೆ ಬಾಯಿಗೆ ಹಾಕಿಕೊಂಡು, ನುಂಗಿ, ಆಮೇಲೆ ಕೈ ತೊಳೆದು ಮಕ್ಕಳಿಗೆ ಕಟ್ಟುವಳು. ಆ ಉಂಡೆಯೇ ಅವಳ ಕೂಲಿ ಎಂದು ಓಣಿಯವರು ತಿಳಿದಿದ್ದರು. ಮನಸ್ಸಿದ್ದವರು ಒಂದು ಬೊಗಸೆ ಜೋಳ ಸುರಿದು ಹೋಗುವರು.

ಇನ್ನೊಂದು. ಅವಳು ಕರಿ ಎಳ್ಳು ಮುಟ್ಟುತ್ತಿರಲಿಲ್ಲ. ಬಿಳಿ ಎಳ್ಳಿನಲ್ಲಾದರೆ ನೊಣದ ಕಾಲು ಬಿದ್ದರೂ ಕಾಣುತ್ತದೆ. ಕರಿ ಎಳ್ಳಿನಲ್ಲಿ ಏನು ಬಿದ್ದರೂ ಕರಗಿ ಹೋಗುತ್ತದೆ. ಕರಿ ಎಳ್ಳು ತಂದವರನ್ನು, ಅವರು ಎಷ್ಟು ಬೇಡಿಕೊಂಡರೂ, ಬಟ್ಟಲಿನ ಸಮೇತ ತಿರುಗಿ ಕಳಿಸುವಳು.

ಈ ಕಟ್ಟಳೆಗೆಲ್ಲ ಬೇರು ಸಿರುಗುಪ್ಪದಲ್ಲಿತ್ತು.

ಗಾದೆಮ್ಮ ಹುಟ್ಟಿದ್ದು ಕುರುಗೋಡಿನಲ್ಲಿ, ಗುಡ್ಡದ ಬುಡದ ಮನೆಯಲ್ಲಿ. ಕೊಟ್ಟದ್ದು ಸಿರುಗುಪ್ಪಕ್ಕೆ, ಕಾಲುವೆ ನೀರಿನ ಗದ್ದೆಯಿದ್ದ ಮನೆಗೆ. ಗಂಡ ಕೊಟ್ರಬಸಪ್ಪ ಕಿರಿಯವನು, ಮಾತು ಕಡಿಮೆ. ಹಿರಿಯವನ ಹೆಂಡತಿ ದಾಕ್ಷಾಯಣಮ್ಮನಿಗೆ ಮೂರು ಮಕ್ಕಳು, ಗಾದೆಮ್ಮನಿಗೆ ಒಂದೂ ಇಲ್ಲ. ಮಕ್ಕಳಿಗೆ ಉಣ್ಣಿಸುವ ಕೆಲಸ ಗಾದೆಮ್ಮನ ಪಾಲಿಗೆ ಬಂತು, ಅವಳೂ ಅದನ್ನು ಆಸೆಪಟ್ಟು ಮಾಡಿದಳು. ಒಂದು ದಿನ ಅವಳು ಅಡುಗೆ ಮನೆಯಲ್ಲಿ ಒಬ್ಬಳೇ ಕೂತು ಗೋಧಿ ಹುಗ್ಗಿ ಮಾಡಿ ಮೂರೂ ಮಕ್ಕಳಿಗೆ ಉಣ್ಣಿಸಿದಳು. ಕಡೆಯ ಕೂಸಿಗೆ ವಾಂತಿ ಹಿಡಿಯಿತು. ಮೂರನೆಯ ದಿನಕ್ಕೆ ಅದು ಹೋಗಿಬಿಟ್ಟಿತು. ಆ ವರ್ಷ ಊರಿನಲ್ಲಿ ಎಷ್ಟೋ ಕೂಸುಗಳು ಹಾಗೆಯೇ ಹೋಗಿದ್ದವು. ಆದರೆ ದಾಕ್ಷಾಯಣಮ್ಮ ಹೆಣದ ಮುಂದೆ ಕೂತು ತಲೆ ಎತ್ತಿ ನೆಗೆಣ್ಣಿಯನ್ನು ನೋಡಿದಳು. ನೋಡಿ, ಒಲಿ ಮುಂದ ಯಾರಿದ್ರು ಎಂದು ಕೇಳಿದಳು. ಅಷ್ಟೇ.

ಆ ಕಡೆ ಮದ್ದು ಎಂಬ ಮಾತಿಗೆ ಇರುವ ಹೆದರಿಕೆ ಇನ್ನಾವ ಮಾತಿಗೂ ಇಲ್ಲ. ಕೆಲವು ಹೆಂಗಸರ ಕೈಯಲ್ಲಿ ಮದ್ದು ಇರುತ್ತದೆಯಂತೆ. ಅದನ್ನು ಅವರು ಯಾರಿಗಾದರೂ ಅನ್ನದಲ್ಲಿ ಹಾಕಲೇಬೇಕಂತೆ, ಹಾಕದಿದ್ದರೆ ಅವರ ಮನೆಯನ್ನೇ ತಿನ್ನುತ್ತದೆಯಂತೆ. ಒಳಗೆ ಹೋದ ಮದ್ದು ಕರುಳಿಗೆ ಗಂಟಾಗಿ ಕೂತು ಮನುಷ್ಯನನ್ನು ಸವೆಸುತ್ತದೆಯಂತೆ. ಕಂಡವರು ಯಾರೂ ಇಲ್ಲ, ನಂಬದವರೂ ಇಲ್ಲ. ಮಕ್ಕಳಿಲ್ಲದ ಹೆಂಗಸಿನ ಮೇಲೆ ಆ ಮಾತು ಅಂಟಿಸುವುದು ಬಲು ಸುಲಭ. ಗಾದೆಮ್ಮ ಬಾವಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿದು ನಿಲ್ಲುವರು. ಅವಳು ಕೊಟ್ಟ ಮಜ್ಜಿಗೆ ಹಿತ್ತಲಿಗೆ ಬೀಳುವುದು. ಕೊಟ್ರಬಸಪ್ಪ ಒಂದು ಮಾತೂ ಆಡದೆ ಒಂದು ಬೆಳಿಗ್ಗೆ ಬಂಡಿ ಕಟ್ಟಿದ. ಬಳ್ಳಾರಿಗೆ ಬಂದು ಹತ್ತಿಯ ಅಂಗಳದಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಧಾತು ಸಂವತ್ಸರದ ಬರ ಮುಗಿದು ಊರು ಮತ್ತೆ ಉಸಿರಾಡತೊಡಗಿದ ಕಾಲ ಅದು. ಬಂದವರನ್ನು ಯಾರು, ಎಲ್ಲಿಯವರು ಎಂದು ಬಹಳ ಕೇಳುತ್ತಿರಲಿಲ್ಲ.

ಮಕ್ಕಳಿಗೆ ತಿನ್ನಿಸುವ ಆಸೆ ಮಾತ್ರ ಗಾದೆಮ್ಮನನ್ನು ಬಿಡಲಿಲ್ಲ. ಆದರೆ ಒಲೆ ಇರುವುದು ಮನೆಯೊಳಗೆ, ಕತ್ತಲೆಯಲ್ಲಿ. ಒಳಗಿನಿಂದ ಬಂದದ್ದನ್ನು ಜನ ಮೂಸಿ ನೋಡುತ್ತಾರೆ. ಒರಳಾದರೆ ಬಯಲಿನಲ್ಲಿರುತ್ತದೆ. ಹಾಗೆ ಅವಳು ಒಲೆಯನ್ನು ತನಗೂ ಗಂಡನಿಗೂ ಇಟ್ಟುಕೊಂಡು, ಪರರ ಮಕ್ಕಳಿಗೆ ಒರಳನ್ನು ಇಟ್ಟಳು.

ಓಣಿಯವರಿಗೆ ಸಿರುಗುಪ್ಪದ ಮಾತು ಗೊತ್ತಿರಲಿಲ್ಲ. ಗೊತ್ತಿರಬಹುದೇ ಎಂಬ ಗುಮಾನಿ ಮಾತ್ರ ಅವಳಿಗೆ ಯಾವಾಗಲೂ. ಇಬ್ಬರು ಹೆಂಗಸರು ಮಾತು ನಿಲ್ಲಿಸಿದರೆ ತನ್ನದೇ ಮಾತು ಎಂದುಕೊಳ್ಳುವಳು. ಯಾರಾದರೂ ಹೆಚ್ಚು ನಕ್ಕು ಮಾತಾಡಿಸಿದರೆ ಒಳಗಿನದನ್ನು ಕೀಳಲು ಬಂದಿದ್ದಾಳೆ ಎಂದುಕೊಳ್ಳುವಳು. ಪಕ್ಕದ ಮನೆಯ ಜಂಬಮ್ಮ, ನಾಲಿಗೆ ಹರಿತವಾದ ಹೆಂಗಸು, ಒಮ್ಮೆ ಆಡಿಯೂ ಬಿಟ್ಟಿದ್ದಳು.

"ಎವ್ವಾ ಗಾದೆಮ್ಮ, ಕಳ್ಳನ್ನ ಹಿಡದು ಮೈ ಝಡತಿ ತಗೊಂಡಂಗ ದಿನಾ ಅಂಗೈ ತೋರಸ್ತೀಯಲ್ಲ, ನಿನ್ನ ಯಾರು ಕೇಳ್ಯಾರ?"

ಗಾದೆಮ್ಮ ನಕ್ಕಳು. ಅವತ್ತಿನಿಂದ ಜಂಬಮ್ಮನ ಮೇಲೆ ಒಂದು ಕಣ್ಣು ಹೆಚ್ಚಿಗೆ ಇಟ್ಟಳು.

ಎದುರು ಸಾಲಿನಲ್ಲಿ ಗಂಗಾಬಾಯಿಯ ಮನೆ. ವೈಷ್ಣವರ ಮನೆ, ಬಲು ಮಡಿ. ಗಂಡ ತೀರಿಹೋದ ಮೇಲೆ ಗಂಗಾಬಾಯಿ ಕೆಂಪು ಸೀರೆ ಹೊದ್ದು, ತಲೆ ಬೋಳಿಸಿಕೊಂಡು, ಒಂದು ಹೊತ್ತು ಉಂಡು ಮನೆ ನಡೆಸುತ್ತಿದ್ದಳು. ಮಗ ಕಚೇರಿಯಲ್ಲಿ ಗುಮಾಸ್ತ. ಸೊಸೆ ಸರಸ್ವತಿ, ಇನ್ನೂ ಹುಡುಗಿ ಎನ್ನಬೇಕು, ಅತ್ತೆಯ ಎದುರು ತಲೆ ಎತ್ತಿದವಳಲ್ಲ. ಅವಳಿಗೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ, ಮೂರನೆಯವನು ಪ್ರಾಣೇಶ. ಎರಡು ವರ್ಷ ತುಂಬಿದರೂ ಬಡಕಲು, ಅನ್ನ ಕಂಡರೆ ಮುಖ ತಿರುವುವನು. ಅವನು ಬಾಯಿ ತೆರೆಯುತ್ತಿದ್ದದ್ದು ಗಾದೆಮ್ಮನ ಚಿಗಳಿ ಬಿಲ್ಲೆಗೆ ಮಾತ್ರ. ಸಣ್ಣ ಮಕ್ಕಳಿಗೆ ಮಡಿ ಮೈಲಿಗೆಯಿಲ್ಲ, ನೀರಿನಲ್ಲಿ ಬೇಯಿಸಿದ್ದಲ್ಲ, ಬಯಲಿನಲ್ಲಿ ಕುಟ್ಟಿದ್ದು ಎಂದು ಗಂಗಾಬಾಯಿ ಒಲ್ಲದ ಮನಸ್ಸಿನಿಂದ ಒಪ್ಪಿದ್ದಳು. ಒಪ್ಪಿದರೂ ತನ್ನ ಜಗಲಿಯ ಕಂಬಕ್ಕೆ ಒರಗಿ ನಿಂತು ಒರಳನ್ನೇ ನೋಡುತ್ತಿದ್ದಳು. ಆ ನೋಟ ಗಾದೆಮ್ಮನ ಬೆನ್ನಿಗೆ ಬಿಸಿಲಿಗಿಂತ ಹೆಚ್ಚು ಸುಡುತ್ತಿತ್ತು.

ಒಮ್ಮೆ ಸರಸ್ವತಿ ಬಟ್ಟಲಿನಲ್ಲಿ ಕರಿ ಎಳ್ಳು ತಂದಳು. ಪಿತೃಪಕ್ಷಕ್ಕೆ ತಂದದ್ದು ಮಿಕ್ಕಿತ್ತು, ಅತ್ತೆ ಇದನ್ನೇ ಒಯ್ಯಿ ಅಂದರು ಎಂದಳು. ಗಾದೆಮ್ಮ ಬಟ್ಟಲಿಗೆ ಕೈ ಹಚ್ಚದೆ ಕಳಿಸಿದಳು. ಅತ್ತೆ ಬೇಕೆಂದೇ ಕಳಿಸಿದ್ದಾಳೆ, ನಾನು ಕರಿ ಎಳ್ಳು ಕುಟ್ಟುತ್ತೇನೋ ನೋಡಲು ಕಳಿಸಿದ್ದಾಳೆ ಎಂದು ಅವತ್ತು ಅವಳಿಗೆ ಊಟ ಸೇರಲಿಲ್ಲ. ಕಂಬಕ್ಕೆ ಒರಗಿದ್ದ ಗಂಗಾಬಾಯಿ, ಬಟ್ಟಲು ತಿರುಗಿ ಬಂದದ್ದನ್ನು ನೋಡಿದಳು. ಮರುದಿನ ಬಿಳಿ ಎಳ್ಳು ಬಂತು.

ಇದಾದ ಮೇಲೆ ಆ ಮನೆಯಲ್ಲಿ ಗಂಗಾಬಾಯಿಯ ಗಂಡನ ಶ್ರಾದ್ಧ ಬಂತು. ಅವತ್ತು ಬ್ರಾಹ್ಮಣರು ಉಂಡು ಏಳುವವರೆಗೆ ಮನೆಯವರು ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಪಿತೃಗಳಿಗೆ ಎಂದು ಮಾಡಿದ್ದರಲ್ಲಿ ಒಂದು ಅಗುಳನ್ನು ಮೊದಲೇ ಯಾರಾದರೂ ತಿಂದರೆ ಶ್ರಾದ್ಧವೇ ಕೆಟ್ಟಿತು. ಬ್ರಾಹ್ಮಣರ ಊಟವಾಗುವುದು ಹೊತ್ತು ಬಾಡಿದ ಮೇಲೆ. ಮಗುವಿಗೆ ಹೊರಗಿನದಕ್ಕೆ ಅಡ್ಡಿಯಿಲ್ಲ ಎಂದು ಬೆಳಿಗ್ಗೆಯೇ ಸರಸ್ವತಿ ಮಗನನ್ನು ಎತ್ತಿಕೊಂಡು ಕಟ್ಟೆಗೆ ಬಂದಳು. ಗಾದೆಮ್ಮ ಅಂಗೈ ತೋರಿಸಿ, ಕುಟ್ಟಿ, ಮೊದಲನೆಯದನ್ನು ತಾನು ತಿಂದು, ಪ್ರಾಣೇಶನಿಗೆ ಎರಡು ಬಿಲ್ಲೆ ಕೊಟ್ಟಳು. ಹುಡುಗ ಅಲ್ಲೇ ತಿಂದು ಕೈ ನೆಕ್ಕಿದ. ಮಧ್ಯಾಹ್ನದ ಹೊತ್ತಿಗೆ ಆ ಮನೆಯೊಳಗಿನಿಂದ ಅವನು ಒಂದೇ ಸಮನೆ ಅಳುವುದು ಕೇಳಿಸಿತು. ಆಮೇಲೆ ಅಳು ಥಟ್ಟನೆ ನಿಂತಿತು. ಗಾದೆಮ್ಮ ಮೊರ ಕೆಳಗಿಟ್ಟು ಕಿವಿ ಕೊಟ್ಟಳು. ಅಷ್ಟು ಅಳುವ ಹುಡುಗ ಹೀಗೆ ಒಮ್ಮೆಲೆ ಸುಮ್ಮನಾದದ್ದು ಯಾಕೋ ಅವಳಿಗೆ ಹಿಡಿಸಲಿಲ್ಲ.

ಹೊತ್ತು ಮುಳುಗುವಾಗ ಗಲಾಟೆ ಎದ್ದಿತು. ಪ್ರಾಣೇಶನ ಹೊಟ್ಟೆ ಕಲ್ಲಿನಂತೆ ಬಿಗಿದಿದೆ, ಕಣ್ಣು ಮೇಲಾಗುತ್ತಿವೆ ಎಂದು ಸುದ್ದಿ ಬಂತು. ಬೆಳಿಗ್ಗೆಯಿಂದ ಹುಡುಗ ತಿಂದದ್ದೇನು ಎಂದರೆ ಚಿಗಳಿ ಬಿಲ್ಲೆ. ಬೇರೆ ಏನೂ ಇಲ್ಲ ಎಂದು ಸೊಸೆ ಹೇಳಿದಳಂತೆ. ಓಣಿಯ ಆಚೆ ತುದಿಯಿಂದ ಮದ್ದು ತೆಗೆಯುವ ಸುಂಕಪ್ಪನನ್ನು ಕರೆಸಿದರು. ಜಂಬಮ್ಮ ಓಡಿ ಬಂದು ಗಾದೆಮ್ಮನಿಗೆ ಇಷ್ಟನ್ನೂ ಹೇಳಿದಳು. ಹೇಳುವಾಗ ಅವಳ ಕಣ್ಣು ಒರಳಿನ ಮೇಲಿತ್ತು.

ಗಾದೆಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಬಾಗಿಲು ಹಾಕಿಕೊಂಡವಳ ಮಾತು ಹೊರಗಿನವರ ಬಾಯಿಗೆ ಹೋಗುತ್ತದೆ ಎಂಬುದನ್ನು ಅವಳು ಸಿರುಗುಪ್ಪದಲ್ಲಿ ಕಲಿತಿದ್ದಳು. ಸೆರಗು ಸರಿಮಾಡಿಕೊಂಡು ಎದುರು ಮನೆಯ ಅಂಗಳಕ್ಕೆ ಹೋಗಿ ನಿಂತಳು. ಜನ ಅವಳಿಗೆ ದಾರಿ ಬಿಟ್ಟರು. ಸಿರುಗುಪ್ಪದ ಬಾವಿಯ ಹತ್ತಿರ ಬಿಡುತ್ತಿದ್ದ ಹಾಗೆಯೇ ಬಿಟ್ಟರು.

ಸುಂಕಪ್ಪ ಯಾವುದೋ ಸೊಪ್ಪಿನ ರಸವನ್ನು ಹುಡುಗನ ಬಾಯಿಗೆ ಹಿಂಡಿ, ಬೆನ್ನು ತಟ್ಟಿದ. ಹುಡುಗ ಬಿಕ್ಕಿ ಬಿಕ್ಕಿ ಕಾರಿಕೊಂಡ. ಜಗಲಿಯ ಮೇಲೆ ಬಿದ್ದದ್ದು ಹೆಬ್ಬೆರಳ ತುದಿಯಷ್ಟು ದೊಡ್ಡ ಒಂದು ಕರಿ ಗಂಟು, ಆಮೇಲೆ ಇನ್ನೊಂದು. ಹುಡುಗ ಉಸಿರು ಬಿಟ್ಟು ತಾಯಿಯ ಹೆಗಲಿಗೆ ತಲೆ ಹಾಕಿದ. ಸುಂಕಪ್ಪ ಕಡ್ಡಿಯಿಂದ ಗಂಟನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ನೋಡ್ರಿ. ಕೈಮದ್ದು ಇದು. ಯಾರು ಹಾಕಿದ್ದು ಅಂತ ನಾ ಹೇಳಂಗಿಲ್ಲ. ಕೂಸು ತಿಂದಿದ್ದು ಎಲ್ಲಿ ಅಂತ ನಿಮಗ ಗೊತ್ತೈತಿ."

ಯಾರೂ ಗಾದೆಮ್ಮನ ಹೆಸರೆತ್ತಲಿಲ್ಲ. ಎಲ್ಲರೂ ತಿರುಗಿ ಅವಳ ಕಡೆ ನೋಡಿದರು, ಅಷ್ಟೇ. ಒಂದು ಮಾತು ಬಿದ್ದರೆ ಬಳ್ಳಾರಿಯೂ ಸಿರುಗುಪ್ಪವಾಗುತ್ತಿತ್ತು. ಈ ವಯಸ್ಸಿನಲ್ಲಿ ಮತ್ತೆ ಬಂಡಿ ಕಟ್ಟಬೇಕು. ಕಟ್ಟಿ ಹೋದಲ್ಲಿ ಮತ್ತೆಂದೂ ಪರರ ಮಗುವಿನ ಬಾಯಿಗೆ ಏನೂ ಇಡುವಂತಿಲ್ಲ.

ಅವಳು ಮುಂದೆ ಬಂದು ಬಗ್ಗಿ ಗಂಟನ್ನು ನೋಡಿದಳು. ಬೆಳಕು ಇನ್ನೂ ಇತ್ತು. ಅಗಿಯದೆ ನುಂಗಿದ ಎಳ್ಳು, ಕಾಳು ಕಾಳಾಗಿ ಹಾಗೆಯೇ ಇತ್ತು. ಸಿಪ್ಪೆ ಬಿಡಿಸದ ಕರಿ ಎಳ್ಳು. ಬಿಲ್ಲೆಯಲ್ಲ, ಉಂಡೆ. ಶ್ರಾದ್ಧಕ್ಕೆ ಕಟ್ಟುವ ಉಂಡೆ.

ಮೊದಲು ಅವಳಿಗೆ ಅನ್ನಿಸಿದ್ದು, ಇದು ಬಲೆ ಎಂದು. ಬೇಕೆಂದೇ ತಿನ್ನಿಸಿ ನನ್ನ ತಲೆಗೆ ಕಟ್ಟುತ್ತಿದ್ದಾರೆ ಎಂದು. ಕತ್ತೆತ್ತಿ ಸರಸ್ವತಿಯನ್ನು ನೋಡಿದಳು. ಆ ಹುಡುಗಿಯ ಮುಖದಲ್ಲಿ ರಕ್ತವಿರಲಿಲ್ಲ. ಮಗನನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟಿದ್ದಳು. ಗಾದೆಮ್ಮನಿಗೆ ಮಧ್ಯಾಹ್ನದ ಅಳು ಥಟ್ಟನೆ ನಿಂತದ್ದು ನೆನಪಾಯಿತು. ಹಸಿದು ಕಿರುಚುವ ಮಗು, ಒಳಗೆ ಮಂತ್ರ, ನೆಲುವಿನಲ್ಲಿ ಉಂಡೆಗಳ ಪಾತ್ರೆ, ಕಂಬದ ಹತ್ತಿರ ಅತ್ತೆ. ಯಾರೂ ನೋಡದಾಗ ಆ ಕೈ ನೆಲುವಿಗೆ ಹೋಗಿದೆ. ಮಗುವಿಗೆ ಬಿಲ್ಲೆ ತಟ್ಟಿ ಕೊಡಬೇಕು ಎನ್ನುವಷ್ಟು ಹೊತ್ತೂ ಅವಳಿಗೆ ಸಿಕ್ಕಿರಲಿಕ್ಕಿಲ್ಲ.

ಹೇಳಿಬಿಡಬಹುದಿತ್ತು. ಹೇಳಿದರೆ ಗಾದೆಮ್ಮ ಪಾರು. ಪಿತೃಗಳ ಅನ್ನ ಎಂಜಲು ಮಾಡಿದ ಸೊಸೆ ಎಂದು ಆ ಹುಡುಗಿ ನಾಳೆ ತವರಿನ ಬಂಡಿ ಹತ್ತುವಳು. ಮಗು ಅತ್ತೆಯ ಹತ್ತಿರ ಉಳಿಯುವುದು. ಸಿರುಗುಪ್ಪದ ಅಂಗಳದಲ್ಲಿ ತಾನೂ ಹೀಗೆಯೇ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ತಪ್ಪಿಲ್ಲದ ಕೈ ಅದು, ಆದರೂ ಬಚ್ಚಿಟ್ಟುಕೊಂಡಿದ್ದಳು.

ಗಾದೆಮ್ಮ ಗಂಗಾಬಾಯಿಯ ಕಡೆ ತಿರುಗಿದಳು.

"ನನ್ನ ಒರಳಾಗ ಬಿಳಿ ಎಳ್ಳು ಬಿಟ್ಟು ಬ್ಯಾರೇದು ಬಿದ್ದಿಲ್ರಿ, ಬಾಯಾರ. ನಾ ಹೇಳಾದು ಇಷ್ಟ."

"ಹೊಟ್ಟ್ಯಾಗ ಹೋದ ಮ್ಯಾಲ ಬಿಳೀದು ಕರ‍್ರಗಾಗಂಗಿಲ್ಲೇನು?" ಎಂದಳು ಜಂಬಮ್ಮ, ಹಿಂದಿನಿಂದ. ಸುಂಕಪ್ಪ ಅದನ್ನೇ ಹಿಡಿದುಕೊಂಡು, ಮದ್ದಿನ ಗುಣವೇ ಅದು, ಹಾಲನ್ನೂ ಕರಿ ಮಾಡುತ್ತದೆ ಎಂದು ವಿವರಿಸತೊಡಗಿದ.

ಗಂಗಾಬಾಯಿ ಜಗಲಿಯ ಅಂಚಿಗೆ ಬಂದು, ಮೈಲಿಗೆಯನ್ನೂ ಮರೆತು, ಸುಂಕಪ್ಪನ ಕೈಯಿಂದ ಕಡ್ಡಿ ತೆಗೆದುಕೊಂಡು ಗಂಟನ್ನು ಒತ್ತಿ ಒಡೆದಳು. ಬಹಳ ಹೊತ್ತು ನೋಡಿದಳು. ಕರಿ ಎಳ್ಳಿನ ಬಟ್ಟಲು ಗಾದೆಮ್ಮನ ಕಟ್ಟೆಯಿಂದ ತಿರುಗಿ ಬಂದದ್ದನ್ನು ಕಂಡಿದ್ದವಳು ಅವಳೇ. ಆಮೇಲೆ ಕತ್ತೆತ್ತಿ ಸೊಸೆಯ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದನ್ನು ಗಾದೆಮ್ಮ ಗಮನಿಸಿದಳು.

"ಮದ್ದೂ ಇಲ್ಲ ಗಿದ್ದೂ ಇಲ್ಲ. ಎಳ್ಳು ಇದು," ಎಂದಳು ಗಂಗಾಬಾಯಿ. "ಕೂಸಿಗೆ ಹೊಟ್ಟಿ ಭಾರ ಆಗಿತ್ತು, ಹೋತು. ಎಲ್ಲಾರೂ ಮನಿಗೆ ನಡೀರಿ."

ಸುಂಕಪ್ಪನಿಗೆ ತೆಂಗಿನಕಾಯಿ ಕೊಟ್ಟು ಕಳಿಸಿದರು. ಬಾಗಿಲು ಮುಚ್ಚಿತು.

ಎಳ್ಳು ಎಂದಳು, ಯಾರ ಎಳ್ಳು ಎಂದು ಹೇಳಲಿಲ್ಲ. ಓಣಿಗೆ ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ಕಟ್ಟೆಗೆ ಯಾರೂ ಬರಲಿಲ್ಲ. ಮಕ್ಕಳು ಬರಲು ಹೊರಟರೆ ತಾಯಂದಿರು ಕೂಗಿ ಕರೆಯುವರು, ಬೇರೆ ಏನೋ ಕೆಲಸವಿದ್ದಂತೆ. ಗಾದೆಮ್ಮ ದಿನಾ ಒರಳು ತೊಳೆದು, ಒಂದು ಹಿಡಿ ಎಳ್ಳು ಬಂಡೆಯ ಮೇಲೆ ಹರವಿ, ಒಬ್ಬಳೇ ಕುಟ್ಟುವಳು. ಅಂಗೈ ಬಿಡಿಸಿ ಬಯಲಿಗೆ ತೋರಿಸುವಳು. ಮೊದಲನೆಯ ಉಂಡೆ ತಿನ್ನುವಳು. ಉಳಿದದ್ದು ಸಂಜೆಗೆ ಕೊಟ್ರಬಸಪ್ಪನಿಗೆ. ಅವನು ತಿಂದು, ಮೋಕ ಹಳ್ಳಿಯಲ್ಲಿ ತನ್ನ ಸೋದರಮಾವನ ಮಗ ಇದ್ದಾನೆ, ಹೊಲದ ಕೆಲಸ ಸಿಗುತ್ತದೆ ಎಂದ. ಬಂಡಿ ಕಟ್ಟುವ ಯೋಚನೆ ಅವನಿಗೆ ಬಂದದ್ದು ಅದು ಎರಡನೆಯ ಸಲ. ಗಾದೆಮ್ಮ ಅಮಾವಾಸ್ಯೆ ಕಳೆಯಲಿ ಎಂದಳು.

ಅವಳಿಗೆ ಗಂಗಾಬಾಯಿಯ ಮೌನ ಅರ್ಥವಾಗಲಿಲ್ಲ. ಗೊತ್ತಾಗಿಯೂ ಹೇಳದವಳನ್ನು ಏನೆಂದು ತಿಳಿಯುವುದು? ತನ್ನ ಮನೆಯ ಮರ್ಯಾದೆ ಉಳಿಸಿಕೊಂಡು ನನ್ನದನ್ನು ಬೀದಿಗೆ ಬಿಟ್ಟಳು ಎಂದು ಒಂದು ದಿನ. ಇನ್ನೂ ಏನೋ ಹಂಚಿಕೆ ಹಾಕುತ್ತಿದ್ದಾಳೆ ಎಂದು ಇನ್ನೊಂದು ದಿನ. ಸರಸ್ವತಿ ಹೊರಗೆ ಕಾಣಿಸಿಕೊಳ್ಳಲಿಲ್ಲ. ತವರಿಗೂ ಹೋಗಲಿಲ್ಲ. ಅಮಾವಾಸ್ಯೆಯ ದಿನ ಆ ಮನೆಗೆ ಪುರೋಹಿತರು ಮತ್ತೆ ಬಂದರು, ದರ್ಭೆ ಹೋಯಿತು, ಬಾಳೆಲೆ ಹೋಯಿತು. ವರ್ಷಕ್ಕೊಮ್ಮೆ ಆಗುವ ಶ್ರಾದ್ಧ, ಇದೇನು ಮತ್ತೆ ಎಂದು ಜಂಬಮ್ಮ ಬೆರಳು ಮೂಗಿನ ಮೇಲಿಟ್ಟಳು. ಅವತ್ತು ಒಳಗೆ ಮಗು ಅಳಲಿಲ್ಲ. ಬೆಳಗಿನಿಂದ ಹೊತ್ತು ಬಾಡುವ ತನಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಗಲಿಯಲ್ಲಿ ಹಾಲು ಬಾಳೆಹಣ್ಣು ತಿನ್ನಿಸುತ್ತ ಇದ್ದವಳು ಗಂಗಾಬಾಯಿಯೇ.

ಅಮಾವಾಸ್ಯೆಯ ಮರುದಿನ, ಅಂಗಡಿಗಳು ಬಾಗಿಲು ತೆರೆದು ಓಣಿಯಲ್ಲಿ ಜನ ತುಂಬಿದ ಹೊತ್ತಿಗೆ, ಎದುರಿನ ಬಾಗಿಲು ತೆರೆಯಿತು. ಗಂಗಾಬಾಯಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದಳು. ಹಿಂದೆ ಸರಸ್ವತಿ, ತಲೆ ಬಗ್ಗಿಸಿ, ಕೈಯಲ್ಲಿ ಹೆರೆದ ಬೆಲ್ಲ. ಮಡಿ ಹೆಂಗಸು ಹಾಡು ಹಗಲು ಓಣಿ ದಾಟಿ ಬಂದು ಗಾದೆಮ್ಮನ ಕಟ್ಟೆಯ ಮೇಲೆ ಕೂತಳು. ಎದುರಿನ ಅಂಗಡಿಯವನು ತೂಗುತ್ತಿದ್ದ ತಕ್ಕಡಿಯನ್ನು ಹಾಗೆಯೇ ಹಿಡಿದ. ಜಂಬಮ್ಮ ಕಸಬರಿಗೆ ಹಿಡಿದು ನಿಂತಳು, ಗುಡಿಸಲಿಲ್ಲ.

ಗಂಗಾಬಾಯಿ ಸೆರಗಿನಿಂದ ಬಟ್ಟಲು ತೆಗೆದು ಇಟ್ಟಳು. ಬಿಳಿ ಎಳ್ಳು, ಒಂದು ಸಿಪ್ಪೆ ಉಳಿಯದಂತೆ ಉಜ್ಜಿ ಒಣಗಿಸಿದ್ದು. ಅವಳ ಅಂಗೈ ಕೆಂಪಗಾಗಿತ್ತು. ಗಾದೆಮ್ಮ ಒಂದು ಕಾಳನ್ನು ಉಗುರಿನಲ್ಲಿ ಒತ್ತಿದಳು. ಚಿಟ್ಟೆಂದಿತು. ಇದರಲ್ಲಿ ಏನಿದೆ ಎಂದು ಬೆರಳಿನಿಂದ ಕೆದಕಿ, ತಳದವರೆಗೆ ನೋಡಿದಳು. ಏನೂ ಇರಲಿಲ್ಲ. ಬಳೆ ಏರಿಸಿ, ಅಂಗೈ ತೋರಿಸಿದಳು. ಗಂಗಾಬಾಯಿ ಅಂಗೈಯನ್ನು ನೋಡಲಿಲ್ಲ, ಮುಖವನ್ನು ನೋಡಿದಳು.

ಗಾದೆಮ್ಮ ಎಳ್ಳು ಬೆಲ್ಲ ಒರಳಿಗೆ ಹಾಕಿ ಒನಕೆ ಎತ್ತಿದಳು. ಎಣ್ಣೆ ಅಂಚಿಗೆ ಹತ್ತಿತು. ಗಾದೆಮ್ಮ ಕೈ ತೊಳೆದು, ಒಂದಿಷ್ಟು ತೆಗೆದು, ತನ್ನ ಬಾಯಿಗೆಂದು ಉಂಡೆ ಕಟ್ಟಿದಳು.

"ಅದು ಇವಗ," ಎಂದಳು ಗಂಗಾಬಾಯಿ.

ಗಾದೆಮ್ಮನ ಕೈ ನಿಂತಿತು. "ಮೊದಲಿಂದು ನಂದ್ರಿ ಬಾಯಾರ. ನಿಮಗೂ ಗೊತ್ತೈತಿ."

"ಗೊತ್ತದ. ಇವತ್ತು ಮೊದಲಿಂದು ನನ್ನ ಮೊಮ್ಮಗಂದು."

ಗಾದೆಮ್ಮ ಆ ಮುಖವನ್ನು ನೋಡಿದಳು. ನಗುವಿಲ್ಲ, ಸಿಟ್ಟಿಲ್ಲ. ಬಲೆ ಇರಬಹುದು ಎಂದು ಒಳಗೆ ಒಂದು ದನಿ ಹೇಳಿತು. ರುಚಿ ನೋಡದೆ ಕೊಟ್ಟಳು ಎಂದು ನಾಳೆ ಇವಳೇ ಹೇಳಬಹುದು ಎಂದಿತು.

"ನಾಳಿ ಏನರ ಹೆಚ್ಚು ಕಡಿಮಿ ಆದ್ರ?" ಎಂದು ಕೇಳಿಯೇ ಬಿಟ್ಟಳು.

"ಎಳ್ಳು ನಂದು. ಬೆಲ್ಲ ನನ್ನ ಸೊಸೀದು. ಹೊಟ್ಟಿ ನನ್ನ ಮೊಮ್ಮಗಂದು. ನಿಂದೇನದ ಇದರಾಗ, ರಟ್ಟಿ ಒಂದು ಬಿಟ್ಟು?" ಎಂದಳು ಗಂಗಾಬಾಯಿ. ಓಣಿಗೆ ಕೇಳುವಷ್ಟು ಗಟ್ಟಿಯಾಗಿಯೇ ಎಂದಳು. ಆಮೇಲೆ ದನಿ ತಗ್ಗಿಸಿ, "ಅವತ್ತು ನೀ ಒಂದ ಮಾತು ಹೇಳಿ ಇನ್ನೊಂದು ನುಂಗಿದಿ. ನಾ ಅದನ್ನ ಮರತಿಲ್ಲ," ಎಂದಳು.

ಸರಸ್ವತಿ ಇನ್ನೂ ತಲೆ ಎತ್ತಿರಲಿಲ್ಲ. ಆದರೆ ಅವಳ ಎರಡೂ ಕೈ ಹೊರಗಿದ್ದವು.

ಗಾದೆಮ್ಮ ಉಂಡೆಯನ್ನು ಹೆಬ್ಬೆರಳಿನಿಂದ ತಟ್ಟಿ ಬಿಲ್ಲೆ ಮಾಡಿದಳು. ಅಂಚು ದಪ್ಪವಾಯಿತೆಂದು ಮತ್ತೆ ತಟ್ಟಿದಳು. ಅಷ್ಟು ವರ್ಷಗಳಲ್ಲಿ ತಾನು ತಿನ್ನದೆ ಪರರ ಮಗುವಿಗೆ ಕೊಟ್ಟ ಮೊದಲನೆಯ ತುತ್ತು ಅದು. ಪ್ರಾಣೇಶ ಬಾಯಿ ತೆರೆದು ಕಾದಿದ್ದ. ಅವಳು ಇಟ್ಟಳು. ಹುಡುಗ ಅಗಿದ, ಮುಂದಿನ ಹಲ್ಲಿನಲ್ಲಿ, ತನ್ನದೇ ನಿಧಾನದಲ್ಲಿ. ಗಾದೆಮ್ಮ ಅವನ ಗಂಟಲನ್ನೇ ನೋಡುತ್ತ ಕೂತಳು, ಗಂಗಾಬಾಯಿ ಕಂಬಕ್ಕೆ ಒರಗಿ ಒರಳನ್ನು ನೋಡುತ್ತಿದ್ದ ಹಾಗೆಯೇ. ಅದು ಕೆಳಗಿಳಿದ ಮೇಲೆ ತಾನೂ ಉಗುಳು ನುಂಗಿದಳು.

ಹುಡುಗ ಇನ್ನೊಂದಕ್ಕೆ ಕೈ ಚಾಚಿದ. ಜಂಬಮ್ಮ ಕಸಬರಿಗೆ ಗೋಡೆಗೆ ಒರಗಿಸಿ, ಮನೆಯೊಳಗೆ ಹೋಗಿ ಎಳ್ಳಿನ ಬಟ್ಟಲು ಹುಡುಕತೊಡಗಿದ ಸದ್ದು ಕೇಳಿಸಿತು. ಬಿಳಿಯದೋ ಕರಿಯದೋ ಎಂದು ಗಾದೆಮ್ಮ ಕಿವಿ ನಿಮಿರಿಸಿ ಕೂತಳು.